ಕುಣಿಲಾರದಾಕಿ, ಡೊಂಕ ನೆಲ, ಮತ್ತ ಡೇವಿಸ್ ಕಪ್

(ಧಾರವಾಡದಾಗ ಒಂದು ರವಿವಾರ ಸಂಜಿ, ಟೆನಿಸ್ ಕಲಿಯೋ ಹುಡುಗ್ರು ಮತ್ತ ಅವರ ಅಪ್ಪ-ಅವ್ವಂದಿರ ಮುಂದ ಆಡಿದ ಮಾತು. ರೆಕಾರ್ಡಿಂಗ್ ಕೇಳಿ ಹಂಗ ಟೈಪ್ ಮಾಡೇನಿ.)

ಎಲ್ಲಾರಿಗೂ ನಮಸ್ಕಾರ್ರಿ. ಹಿಂದ ಕುಂತಾವ್ರಿಗೆ ಕೇಳಸ್ತೈತಿಲ್ರಿ? ಈ ಮೈಕ್ ಭಾಳ ಹಠಮಾರಿ, ಹತ್ರ ಹೋದ್ರ ಒದರ್ತೈತಿ, ದೂರ ಸರದ್ರ ಸುಮ್ನಾಗ್ತೈತಿ. ಇರ್ಲಿ.

ಡೇವಿಸ್ ಕಪ್, ಅಂದ್ರ ದೇಶ ದೇಶದ ಟೀಮ್ ಆಡೋ ಟೆನಿಸ್ ಕಪ್, ಅದ್ರ ಬಗ್ಗೆ ಮಾತಾಡ್ರಿ ಅಂದ್ರು. ಯಾರು ಎಷ್ಟ ಸಲ ಗೆದ್ರು ಅನ್ನೂದು ನಿಮ್ಮ ಮೊಬೈಲ್‌ನಾಗ ಸಿಗ್ತೈತಿ, ಅಮೆರಿಕಾ 32, ಆಸ್ಟ್ರೇಲಿಯಾ 28, ಮುಗೀತು. ನಾ ಹೇಳೂದು ನೆಲದ ಕಥಿ. ಮ್ಯಾಚ್ ಯಾರ ಊರಾಗ, ಎಂಥಾ ನೆಲದ ಮ್ಯಾಲೆ, ಅಷ್ಟ.

ಕುಣಿಲಾರದಾಕಿ ನೆಲ ಡೊಂಕು ಅಂದ್ಳಂತ, ಗೊತ್ತಲ್ರಿ ಗಾದಿ? ಈ ಕಪ್ಪಿನ ಮೊದಲನೇ ಮ್ಯಾಚೇ ಹಂಗ ಆತು. 1900ನೇ ಇಸ್ವಿ ಆಗಸ್ಟ್, ಬಾಸ್ಟನ್ ಹತ್ರ ಲಾಂಗ್‌ವುಡ್ ಕ್ರಿಕೆಟ್ ಕ್ಲಬ್. ಡ್ವೈಟ್ ಡೇವಿಸ್ ಅಂತ ಹಾರ್ವರ್ಡ್‌ನಾಗ ಓದಿದ ಹುಡುಗ, ಮನ್ಯಾಗ ರೊಕ್ಕಕ್ಕ ಕಮ್ಮಿ ಇದ್ದಿದ್ದಿಲ್ಲ, ತನ್ನ ರೊಕ್ಕದಾಗ ಒಂದು ಬೆಳ್ಳಿ ಬಟ್ಟಲ ಮಾಡಸಿದ, ಇಂಗ್ಲೆಂಡಿನವ್ರನ್ನ ಆಡಾಕ ಕರದ, ಟೀಮಿನ್ಯಾಗ ತಾನೂ ಆಡಿದ, ಗೆದ್ದು ಆ ಬಟ್ಟಲ ತನ್ನ ದೇಶದಾಗ ಇಟ್ಕೊಂಡ. ಭಾರೀ ವ್ಯವಹಾರ ಅಲ್ಲೇನ್ರಿ! ಸೋತ ಇಂಗ್ಲೀಷರು ಊರಿಗೆ ಹೋಗಿ ಏನಂದ್ರು? ಹುಲ್ಲು ಉದ್ದ ಬೆಳದಿತ್ತು, ನೆಟ್ ಜೋತು ಬಿದ್ದಿತ್ತು, ಚೆಂಡು ಮೆತ್ತಗ ಇದ್ವು. ಅಂದ್ರ ನೆಲ ಡೊಂಕು.

ಆದ್ರ ಟೆನಿಸ್‌ನಾಗ ನೆಲ ಖರೇನ ಡೊಂಕ ಇರ್ತೈತ್ರಿ. ಇಲ್ಲಿ ಆಡೋ ಹುಡುಗ್ರಿಗೆ ಗೊತ್ತೈತಿ. ಮುಂಜಾನೆ ಮಾರ್ಕರ್ (ಕೋರ್ಟ್ ನೋಡ್ಕೊಳ್ಳಾವ) ಮಣ್ಣಿನ ಕೋರ್ಟಿಗೆ ನೀರ ಹೊಡದು ರೋಲರ್ ಎಳದ ಮ್ಯಾಲೆ ಚೆಂಡು ಒಂಥರಾ ಏಳ್ತೈತಿ, ಅದ ಕೋರ್ಟ್ ಮಧ್ಯಾಹ್ನ ಬಿಸಲಾಗ ಒಣಗಿ ಧೂಳ ಎದ್ದಾಗ ಇನ್ನೊಂಥರಾ. ಮಣ್ಣಿನ್ಯಾಗ ಚೆಂಡು ತಡಾ ಮಾಡಿ ಎದಿ ಮಟ ಬರ್ತೈತಿ, ಓಡಿ ಹಿಡಿಯಾಕ ಟೈಮ್ ಸಿಗ್ತೈತಿ. ಹುಲ್ಲಿನ ಮ್ಯಾಲೆ ಸರ್ ಅಂತ ಜಾರಿ ಹೋಗ್ತೈತಿ, ಮೊಣಕಾಲ ದಾಟಿ ಮ್ಯಾಲೆ ಏಳಾಂಗಿಲ್ಲ, ನೀವು ರ‍್ಯಾಕೆಟ್ ಹಿಂದ ಒಯ್ಯೂದ್ರೊಳಗ ಪಾಯಿಂಟ್ ಹೋತು. ನಾ ಕಾಲೇಜಿನ್ಯಾಗ ಇದ್ದಾಗ ಒಂದೂರಿಗೆ (ಹೆಸರು ಬ್ಯಾಡ) ಆಡಾಕ ಹೋಗಿದ್ವಿ, ಅವರು ಹಿಂದಿನ ಮೂಲ್ಯಾಗ ಬೇಕಂತ ನೀರ ಹೆಚ್ಚ ಬಿಟ್ಟಿದ್ರು, ತಮಗ ಗೊತ್ತು, ಆ ಕಡೆ ಓಡಾಂಗಿಲ್ಲ, ನಾ ಓಡಿದೆ, ಹದಿನೈದು ದಿವಸ ಕಾಲಿಗೆ ಬ್ಯಾಂಡೇಜ್.

ಡೇವಿಸ್ ಕಪ್‌ನಾಗ ಆ ಚಾಲಾಕಿ ರೂಲ್‌ನಾಗ ಐತಿ. ಯಾರ ಊರಾಗ ಮ್ಯಾಚೋ ನೆಲ ಅವರ ಆರಸ್ತಾರ. ಮೊದಲೆಲ್ಲಾ ಮೂರ ದಿನದ ಆಟ ಇತ್ತು: ಶುಕ್ರವಾರ ಎರಡ ಸಿಂಗಲ್ಸ್, ಶನಿವಾರ ಒಂದು ಡಬಲ್ಸ್, ರವಿವಾರ ಮತ್ತ ಎರಡ ಸಿಂಗಲ್ಸ್. ಐದರಾಗ ಮೂರು ಗೆದ್ದವ್ರು ಟೈ (ಎರಡ ದೇಶದ ನಡುವಿನ ಪೂರ್ತಿ ಮುಕಾಬಲಾ) ಗೆದ್ದಂಗ. ಪ್ರತಿ ಮ್ಯಾಚಿಗೆ ಐದ ಸೆಟ್. ನಮ್ಮ ದೇಶ 1921ರಿಂದ ಇದ್ರಾಗ ಆಡಾಕತ್ತೈತಿ, ಫೈನಲ್‌ಗೆ ಮೂರ ಸಲ ಹೋಗೇವಿ, 1966, 1974, 1987. ಈ ಮೂರೂ ಸಲದ ಹಿಂದ ಹುಲ್ಲ ಐತಿ ನೋಡ್ರಿ.

1966ರ ಕಥಿ ನಮ್ಮಪ್ಪ ನೂರ ಸಲ ಹೇಳ್ಯಾರ. ಹುಬ್ಬಳ್ಳಿ ರೈಲ್ವೆದಾಗ ಇದ್ರು ಅವರು, ಜೀವನದಾಗ ರ‍್ಯಾಕೆಟ್ ಹಿಡದವ್ರಲ್ಲ, ಆದ್ರ ಕೃಷ್ಣನ್ ಅಂದ್ರ ಜೀವ. ಡಿಸೆಂಬರ್ ತಿಂಗಳ, ಕಲ್ಕತ್ತಾ ಸೌತ್ ಕ್ಲಬ್, ಎದುರಿಗೆ ಬ್ರೆಜಿಲ್, ಗೆದ್ದವ್ರು ಫೈನಲ್‌ಗೆ. ಟೈ 2-2. ಕೊನೇ ಮ್ಯಾಚ್ ರಾಮನಾಥನ್ ಕೃಷ್ಣನ್, ಆ ಕಡೆ ಥಾಮಸ್ ಕಾಖ್. ಕೃಷ್ಣನ್ ಮೊದಲ ಸೆಟ್ 3-6 ಸೋತ್ರು, ಎರಡನೇದು 6-4 ಗೆದ್ರು, ಮೂರನೇದು 10-12, ಆಗ ಟೈಬ್ರೇಕ್ ಇರಲಿಲ್ಲ, ಎಳದಷ್ಟ ಎಳಿಬೇಕು. ನಾಲ್ಕನೇ ಸೆಟ್‌ನಾಗ 2-5 ಹಿಂದ. ಇನ್ನೊಂದ ಗೇಮ್ ಹೋದ್ರ ಮುಗೀತು. ಇಲ್ಲಿಗೆ ಬಂದಾಗ ನಮ್ಮಪ್ಪ ಚಾದ ಕಪ್ ಕೆಳಗ ಇಡ್ತಿದ್ರು. ಕೃಷ್ಣನ್‌ಗೆ ಜೋರ್ ಸರ್ವೀಸ್ ಇರಲಿಲ್ಲ, ಹೊಟ್ಟಿನೂ ಒಂಚೂರು ಮುಂದ, ಆದ್ರ ಚೆಂಡು ಎಲ್ಲಿ ಇಡಬೇಕೋ ಅಲ್ಲೇ ಇಡೋ ಕೈ, ಆ ಹುಲ್ಲ ಅವರಿಗೆ ಮನಿ ಅಂಗಳ ಇದ್ದಂಗ. ಒಂದರ ಮ್ಯಾಲೊಂದು ಐದ ಗೇಮ್, 7-5. ಆಮ್ಯಾಲೆ ಐದನೇ ಸೆಟ್ 6-2. ನಮ್ಮಪ್ಪ ಹೇಳೂ ಕಥಿಯೊಳಗ ಪ್ರತಿ ಸಲ ಒಂದೊಂದ ಶಾಟ್ ಹೆಚ್ಚಾಗ್ತಿತ್ತು, ಸ್ಕೋರ್ ಮಾತ್ರ ಖರೇ, ನಾ ಆಮ್ಯಾಲೆ ಪುಸ್ತಕದಾಗ ನೋಡೇನಿ.

ಫೈನಲ್ ಮೆಲ್ಬರ್ನ್‌ನಾಗ, ಆಸ್ಟ್ರೇಲಿಯಾ ಎದುರಿಗೆ 4-1 ಸೋತ್ವಿ. ಆ ಒಂದು ಯಾವುದ್ರಿ? ಡಬಲ್ಸ್. ಕೃಷ್ಣನ್ ಮತ್ತ ಜೈದೀಪ್ ಮುಖರ್ಜಿ ಸೇರಿ ನ್ಯೂಕೊಂಬ್-ರೋಚ್ ಜೋಡೀನ ಕೆಡವಿದ್ರು. ಆ ಜೋಡಿ ಹಿಂದಿನ ವರ್ಷ ವಿಂಬಲ್ಡನ್ ಗೆದ್ದಿತ್ತು.

1974ರದು ಬ್ಯಾರೆ. ಅದ ಕಲ್ಕತ್ತಾ ಹುಲ್ಲಿನ ಮ್ಯಾಲೆ ಆಸ್ಟ್ರೇಲಿಯಾನ 3-2 ಸೋಲಿಸಿದ್ವಿ, ಒಂದ ಟೈದಾಗ 327 ಗೇಮ್ ಆದ್ವು, ಅದು ರೆಕಾರ್ಡ್. ಆಮ್ಯಾಲೆ ನಮ್ಮ ಪುಣೆದಾಗ ಸೋವಿಯತ್ ರಷ್ಯಾನ ಸೋಲಿಸಿದ್ವಿ. ಫೈನಲ್ ಎದುರಾಳಿ ದಕ್ಷಿಣ ಆಫ್ರಿಕಾ. ಅಲ್ಲಿ ಕರಿ ಮಂದೀನ ಮನಷ್ಯಾರಂತ ನೋಡದಿರೋ ಸರ್ಕಾರ, ನಮ್ಮ ಸರ್ಕಾರ ಆಡೂದು ಬ್ಯಾಡ ಅಂತು. ಕಪ್ ಅವರ ಪಾಲಾತು, ಒಂದ ಚೆಂಡೂ ಹೊಡೀದ. ವಿಜಯ್, ಆನಂದ್ ಅಮೃತರಾಜ್ ಅಣ್ಣತಮ್ಮರು ಆಗ ಹರೇದಾಗಿದ್ರು, ಅದಕ್ಕಿಂತ ಚೊಲೋ ಛಾನ್ಸ್ ಮತ್ತ ಬರಲಿಲ್ಲ. ಹೊಟ್ಟಿ ಉರೀತೈತಿ ಖರೇ, ಆದ್ರ ಆಡದಿದ್ದದ್ದ ಬರೋಬ್ಬರಿ ಅಂತ ನನ್ನ ಅಭಿಪ್ರಾಯ, ಇದ್ರ ಮ್ಯಾಲೆ ನಮ್ಮಪ್ಪಗೂ ನನಗೂ ಕೊನೀ ತನಕ ಜಗಳ ಇತ್ತು.

1987 ನಾನ ಕಂಡದ್ದು. ದಿಲ್ಲಿ ಹುಲ್ಲಿನ ಮ್ಯಾಲೆ ಅರ್ಜೆಂಟೀನಾದವ್ರು ಬಂದ್ರು, ಎಲ್ಲಾರೂ ಮಣ್ಣಿನ ಪೈಲ್ವಾನರು. ವಿಜಯ್ ಅಮೃತರಾಜ್ ಮಾರ್ಟಿನ್ ಹೈಟೆ ವಿರುದ್ಧ ಮ್ಯಾಚ್ ಪಾಯಿಂಟ್ ಉಳಿಸಿ ಐದ ಸೆಟ್‌ನಾಗ ಗೆದ್ರು. ಸೆಮಿಫೈನಲ್ ಸಿಡ್ನಿಯಾಗ, ಆಸ್ಟ್ರೇಲಿಯಾದವ್ರು ತಮ್ಮ ಹುಲ್ಲ ಹಾಸಿದ್ರು, ಅದು ನಮ್ಮವ್ರಿಗೂ ಬೇಕಾದ ಹುಲ್ಲ, ಕೊನೇ ಮ್ಯಾಚ್ ರಮೇಶ್ ಕೃಷ್ಣನ್ ವಾಲಿ ಮಾಸೂರ್‌ನ ಮೂರ ಸೆಟ್‌ನಾಗ ಮುಗಿಸಿದ್ರು. ಅಪ್ಪನ ಕೈ ಮಗಗ ಬಂದಿತ್ತು. ಫೈನಲ್‌ಗೆ ಸ್ವೀಡನ್ ಏನ್ ಮಾಡ್ತು? ಗೋಥೆನ್‌ಬರ್ಗ್‌ನಾಗ ಸ್ಟೇಡಿಯಂ ಒಳಗ ಮಣ್ಣ ಸುರುವ್ತು. ಮ್ಯಾಟ್ಸ್ ವಿಲಾಂಡರ್‌ಗೆ ಬೇಕಾದ ಮಣ್ಣು. 5-0. ದಿಲ್ಲಿಯೊಳಗ ನಾವು ಮಾಡಿದ್ದನ್ನ ಅಲ್ಲಿ ಅವರು ಮಾಡಿದ್ರು, ಬೈಯಾಕ ಬರಾಂಗಿಲ್ಲ.

ನೆಲ ಅಂದ್ರ ಎಲ್ಲಾನೂ ಅಲ್ಲ ಮತ್ತ. 1993ರಾಗ ಫ್ರಾನ್ಸಿನ ಫ್ರೆಜೂಸ್‌ನಾಗ ಅವರ ಮಣ್ಣಿನ ಮ್ಯಾಲೇ ಲಿಯಾಂಡರ್ ಪೇಸ್, ರಮೇಶ್ ಕೃಷ್ಣನ್ ಸೇರಿ ಫ್ರಾನ್ಸನ್ನ ಸೋಲಿಸಿದ್ರು. ಲಿಯಾಂಡರ್ ಮಾತ ಬ್ಯಾರೆ ಬಿಡ್ರಿ, 1995ರಾಗ ದಿಲ್ಲಿಯೊಳಗ ಕ್ರೊಯೇಷ್ಯಾದ ಇವಾನಿಸೆವಿಚ್‌ನಂಥಾ ಸರ್ವೀಸ್ ರಾಕ್ಷಸನ ಎದುರಿಗೆ ಎರಡ ಸೆಟ್ ಸೋತು ಆಮ್ಯಾಲೆ ಮೂರೂ ಗೆದ್ದಾವ. 2014ರಾಗ ಬೆಂಗಳೂರಿನ ಕಬ್ಬನ್ ಪಾರ್ಕ್ ಕೋರ್ಟ್‌ನಾಗ ಲಿಯಾಂಡರ್ ಜೋಡಿ ನಮ್ಮ ಕೊಡಗಿನ ರೋಹನ್ ಬೋಪಣ್ಣ, ಸರ್ಬಿಯಾದವ್ರ ಎದುರಿಗೆ ಮತ್ತ ಅದ ಆಟ, ಎರಡ ಸೆಟ್ ಹಿಂದ ಬಿದ್ದು ಗೆದ್ರು. ಟೈ ಮಾತ್ರ ಮಳಿ ಬಂದು ಸೋಮವಾರಕ್ಕ ಹೋತು, 3-2 ಸೋತ್ವಿ.

ಇನ್ನ 2019. ಜೆರಾರ್ಡ್ ಪಿಕೆ ಅಂತ, ನಿಮಗ ಫುಟ್‌ಬಾಲ್ ಆಟಗಾರ ಅಂತ ಗೊತ್ತು, ಅವನ ಕಂಪನಿ 25 ವರ್ಷಕ್ಕ 300 ಕೋಟಿ ಡಾಲರ್ ಕೊಡ್ತೇವಿ ಅಂತು, ಟೆನಿಸ್ ದೊಡ್ಡಮಂದಿ ಹೂಂ ಅಂದ್ರು. ಐದ ಸೆಟ್ ಹೋಗಿ ಮೂರಾತು, ಕೊನೇ ಹಂತಕ್ಕ 18 ಟೀಮ್ ಎಲ್ಲಾ ಮ್ಯಾಡ್ರಿಡ್ ಅನ್ನೋ ಒಂದ ಊರಾಗ. ಅಮೆರಿಕಾ-ಇಟಲಿ ಡಬಲ್ಸ್ ಮುಗ್ಯೂದ್ರಾಗ ಮುಂಜಾನೆ ನಾಲ್ಕ ಗಂಟೆ ದಾಟಿತ್ತು, ಆ ಹೊತ್ತಿಗೆ ನಮ್ಮ ಕಡೆ ಹಾಲಿನಾವ ಬರ್ತಾನ. ಯಾರ ಊರೂ ಅಲ್ಲದ ಊರಾಗ ಯಾರ ನೋಡಾಕ ಬರ್ತಾರ್ರಿ? ಜಾತ್ರಿ ಕುಸ್ತಿ ಒಯ್ದು ಕಲ್ಯಾಣಮಂಟಪದಾಗ ಕಾರ್ಪೆಟ್ ಮ್ಯಾಲೆ ಇಟ್ಟಂಗ. ಆಟಗಾರರ ಕಡೆನೂ ನ್ಯಾಯ ಐತಿ, ವರ್ಷ ಪೂರ್ತಿ ಆಡಿ ಮತ್ತ ಮೂರ ದಿನ ಐದೈದ ಸೆಟ್ ಅಂದ್ರ ಯಾರ ದೇಹ ತಡೀತೈತಿ, ಅದನ್ನ ಒಪ್ಪತೇನಿ. 2023ರ ಜನವರಿಗೆ ಆ ಕಂಪನಿ ಸಂಬಂಧ ಹರೀತು. ಈಗ ಕ್ವಾಲಿಫೈಯರ್ ಟೈ ಆಯಾ ದೇಶದ ಊರಾಗ ನಡೀತಾವ, ಕೊನೇ ಎಂಟ ಟೀಮಿಂದು ಒಂದ ಕಡೆ. ಇಟಲಿ 2023ರಿಂದ ಸತತ ಮೂರ ಸಲ ಗೆದ್ದೈತಿ.

ನಮ್ಮ ಊರಿಗೂ ಇದಕ್ಕೂ ಏನ್ ಸಂಬಂಧ ಅಂತೀರೇನು? 2023ರ ಅಕ್ಟೋಬರ್‌ನಾಗ ಇಲ್ಲೇ ರಾಜಾಧ್ಯಕ್ಷ ಪೆವಿಲಿಯನ್ ಕೋರ್ಟ್‌ನಾಗ ಐಟಿಎಫ್ (ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್) ಟೂರ್ನಮೆಂಟ್ ಆತಲ್ಲ, ಗೆದ್ದಾವ ರಾಮಕುಮಾರ್ ರಾಮನಾಥನ್, ನಮ್ಮ ಡೇವಿಸ್ ಕಪ್ ಆಟಗಾರ. ನಾ ತಂತಿ ಬೇಲಿ ಹಿಡ್ಕೊಂಡು ನಿಂತಿದ್ದೆ, ಟಿವ್ಯಾಗ ಕಾಣಾಂಗಿಲ್ರಿ ಅದು, ಸರ್ವೀಸ್ ಬಂತು ಅನ್ನೂದು ಮೊದಲ ಕಿವಿಗೆ ಗೊತ್ತಾಗ್ತೈತಿ, ಆಮ್ಯಾಲೆ ಕಣ್ಣಿಗೆ. ಬಾಜೂಕ ಒಬ್ಬ ಸಣ್ಣ ಹುಡುಗ ಪ್ರತಿ ಸರ್ವೀಸ್‌ಗೂ ಕಣ್ಣ ಮುಚ್ಚತಿದ್ದ.

2025ರ ಸೆಪ್ಟೆಂಬರ್‌ನಾಗ ಸ್ವಿಟ್ಜರ್ಲೆಂಡಿನ ಬೀಲ್‌ನಾಗ ಅವರದ ಇಂಡೋರ್ ಕೋರ್ಟ್, ಅವರದ ಮಂದಿ. ದಕ್ಷಿಣೇಶ್ವರ್ ಸುರೇಶ್ ಅಂತ ಮದುರೈ ಹುಡುಗ, ಅವನ ಮೊದಲನೇ ಡೇವಿಸ್ ಕಪ್ ಮ್ಯಾಚು, ಜೆರೋಮ್ ಕಿಮ್‌ನ ಸೋಲಿಸಿದ, ಸುಮಿತ್ ನಾಗಲ್ ಎರಡ ಸಿಂಗಲ್ಸ್ ಗೆದ್ದ, 3-1. ಫ್ರೆಜೂಸ್ ಆದಮ್ಯಾಲೆ ಯುರೋಪ್ ನೆಲದಾಗ ಯುರೋಪಿನ ಟೀಮ್ ಸೋಲಿಸಿದ್ದು ಅದ ಮೊದಲು, 32 ವರ್ಷ. ನಾ ಮೊಬೈಲ್‌ನಾಗ ಸ್ಕೋರ್ ನೋಡ್ಕೋತ ಕುಂತಿದ್ದೆ, ನೆಟ್‌ವರ್ಕ್ ಹೋಗಿ ಹೋಗಿ ಬರ್ತಿತ್ತು, ಚಾದ ಕಪ್ ಕೆಳಗ ಇಟ್ಟದ್ದು ನನಗ ಗೊತ್ತಾಗಲಿಲ್ಲ, ಮನಿಯಾಕಿ ಹೇಳಿದ್ಲು.

ಪ್ರಶ್ನೆ ಇದ್ರ ಕೇಳ್ರಿ, ಆದ್ರ ಲಗೂನ. ಮಾರ್ಕರ್ ಪೈಪ್ ಹಿಡ್ಕೊಂಡು ಬಾಗಲದಾಗ ನಿಂತಾನ, ಕೋರ್ಟಿಗೆ ನೀರ ಬಿಡಬೇಕಂತ.