ರಸಾಯನದ ಬೋಗುಣಿಯಿಂದ ಸಂಡೇ ಲೋಟಕ್ಕೆ

ಕೇಳುಗರಿಗೆಲ್ಲ ನಮಸ್ಕಾರ.

ಮೇ ತಿಂಗಳಲ್ಲಿ ಗಾಂಧಿ ಬಜಾರಿನ ಹಣ್ಣಿನ ಅಂಗಡಿಗಳ ಮುಂದೆ ಹಾದುಹೋಗುವುದು ಸುಲಭವಲ್ಲ, ಕಾಲು ತಾನಾಗಿಯೇ ನಿಲ್ಲುತ್ತದೆ. ಒಂದು ಬುಟ್ಟಿಯಲ್ಲಿ ಬಾದಾಮಿ ಮಾವು, ಪಕ್ಕದಲ್ಲಿ ರಸಪುರಿ, ಆಚೆಗೆ ಕೆಂಪುಗೆನ್ನೆಯ ಸೇಂದೂರ. ಮೇಲೆ ತೂಗುಬಿಟ್ಟ ಏಲಕ್ಕಿ ಬಾಳೆಯ ಗೊನೆ. ಇಷ್ಟೆಲ್ಲ ಕಣ್ಣೆದುರಿಗೇ ಇರುವಾಗ, ಮನೆಗೆ ಬಂದ ಮಕ್ಕಳಿಗೆ ಐಸ್‌ಕ್ರೀಂ ಮೇಲೆ ಸೀಸೆಯ ಕೆಂಪು ಪಾಕ ಸುರಿದು, ನಾಲ್ಕು ಚೂರು ಟೂಟಿ ಫ್ರೂಟಿ ಉದುರಿಸಿ ಕೊಡಲು ನನಗೆ ಮನಸ್ಸು ಬರುವುದಿಲ್ಲ. ಟೂಟಿ ಫ್ರೂಟಿ ಎಂದರೆ ಬಹುಪಾಲು ಬಣ್ಣ ಹಾಕಿ ಸಕ್ಕರೆ ಪಾಕದಲ್ಲಿ ನೆನೆಸಿದ ಪರಂಗಿಕಾಯಿ. ಬುಟ್ಟಿ ತುಂಬ ಹಣ್ಣಿರುವ ಊರಿನಲ್ಲಿ ಅದರ ಅಗತ್ಯವಾದರೂ ಏನು? ತಾಜಾ ಹಣ್ಣಿನ ಐಸ್‌ಕ್ರೀಂ ಸಂಡೇಯನ್ನು ಮನೆಯಲ್ಲೇ ಮಾಡುವ ಬಗೆಯನ್ನು ಇವತ್ತು ನಿಮ್ಮೊಂದಿಗೆ ಹಂಚಿಕೊಳ್ಳುತ್ತೇನೆ.

ಸಂಡೇ ಹುಟ್ಟಿದ್ದು ಅಮೆರಿಕದಲ್ಲಿ. ಯಾವ ಊರಿನಲ್ಲಿ ಎಂಬುದಕ್ಕೆ ಅಲ್ಲಿ ಇಂದಿಗೂ ಜಗಳವಿದೆ. ವಿಸ್ಕಾನ್ಸಿನ್ ರಾಜ್ಯದ ಟೂ ರಿವರ್ಸ್ ಎಂಬ ಊರು 1881ರ ಲೆಕ್ಕ ಹೇಳುತ್ತದೆ. ನ್ಯೂಯಾರ್ಕ್ ರಾಜ್ಯದ ಇಥಾಕಾ ಊರಿನವರು 1892ರ ಏಪ್ರಿಲ್ ತಿಂಗಳ ಪತ್ರಿಕೆಯೊಂದರಲ್ಲಿ ಬಂದ ‘ಚೆರಿ ಸಂಡೇ’ ಜಾಹೀರಾತನ್ನು ತೋರಿಸುತ್ತಾರೆ. ಐಸ್‌ಕ್ರೀಂ, ಅದರ ಮೇಲೆ ಹಣ್ಣಿನ ಪಾಕ, ತುದಿಯಲ್ಲಿ ಒಂದು ಚೆರಿ ಹಣ್ಣು, ಅಷ್ಟೇ. ನಮ್ಮ ಕರಾವಳಿಯವರು ಇದೇ ಜಾತಿಯದನ್ನು ಎತ್ತರದ ಲೋಟದಲ್ಲಿ ಪದರ ಪದರವಾಗಿ ಕಟ್ಟಿ, ಹಣ್ಣು, ಜೆಲ್ಲಿ, ಗೋಡಂಬಿ ಎಲ್ಲವನ್ನೂ ಸೇರಿಸಿ ಗಡ್‌ಬಡ್ ಎಂದು ಹೆಸರಿಟ್ಟರು. ಬೆಂಗಳೂರಿನ ಹೋಟೆಲುಗಳಲ್ಲೂ ಅದು ನೆಲೆಯೂರಿ ಬಹಳ ವರ್ಷಗಳಾದವು.

ಆದರೆ ನನಗೆ ಸಂಡೇಯ ಗುಟ್ಟು ತಿಳಿದದ್ದು ಹೋಟೆಲಿನಲ್ಲಲ್ಲ, ಅಜ್ಜಿಯ ಅಡುಗೆಮನೆಯಲ್ಲಿ. ಶ್ರೀರಾಮನವಮಿಯ ದಿನ ಪಾನಕ, ಕೋಸಂಬರಿಯ ಜೊತೆಗೆ ಬಾಳೆಹಣ್ಣಿನ ರಸಾಯನ ಇರಲೇಬೇಕಿತ್ತು. ಅಜ್ಜಿ ಹಣ್ಣನ್ನು ಬಿಲ್ಲೆಗಳಾಗಿ ಹೆಚ್ಚಿ, ಮೇಲೆ ಬೆಲ್ಲದ ಪುಡಿ ಉದುರಿಸಿ, ತಟ್ಟೆ ಮುಚ್ಚಿ ಇಟ್ಟುಬಿಡುತ್ತಿದ್ದರು. ನಾವು ಬೋಗುಣಿಯ ಸುತ್ತ ಸುಳಿದಾಡಿದರೆ, “ಮುಟ್ಟಬೇಡಿ, ಅದು ರಸ ಬಿಡಲಿ” ಎನ್ನುತ್ತಿದ್ದರು. ಅರ್ಧ ಗಂಟೆಯ ಮೇಲೆ ತಟ್ಟೆ ತೆಗೆದರೆ ಒಣಗಿದ್ದ ಬೋಗುಣಿಯಲ್ಲಿ ಹೊಂಬಣ್ಣದ ರಸ ನಿಂತಿರುತ್ತಿತ್ತು. ಒಂದು ಹನಿ ನೀರು ಹಾಕಿದ್ದಿಲ್ಲ. ಬೆಲ್ಲವಾಗಲಿ ಸಕ್ಕರೆಯಾಗಲಿ ಹೆಚ್ಚಿದ ಹಣ್ಣಿನ ಮೈಗೆ ತಾಗಿದರೆ ಒಳಗಿನ ನೀರನ್ನು ಹೊರಕ್ಕೆ ಎಳೆಯುತ್ತದೆ. ಆ ನೀರು ಹಣ್ಣಿನ ಪರಿಮಳವನ್ನೂ ಹೊತ್ತು ತರುತ್ತದೆ. ಸಂಡೇಗೆ ಬೇಕಾದ ಪಾಕ ಇದೇ. ಯಾವ ಸೀಸೆಯಲ್ಲೂ ಸಿಗದ ಈ ಪಾಕವನ್ನು ಹಣ್ಣೇ ಮಾಡಿಕೊಡುತ್ತದೆ, ನಾವು ಅದಕ್ಕೆ ಸಮಯ ಕೊಡಬೇಕು.

ಈಗ ಹಣ್ಣಿಗೆ ಬರೋಣ. ನಾಲ್ಕು ಜನಕ್ಕೆ ಎಂದು ಲೆಕ್ಕ ಹಿಡಿಯುತ್ತೇನೆ. ಹೊರಗಿನವರು ಆಲ್ಫಾನ್ಸೊ ಎನ್ನುವ ಹಣ್ಣು ನಮ್ಮಲ್ಲಿ ಬಾದಾಮಿ. ಅದರ ತಿರುಳು ಗಟ್ಟಿ, ನಾರಿಲ್ಲ, ಹೆಚ್ಚಿದ ಹೋಳು ಹೋಳಾಗಿಯೇ ಉಳಿಯುತ್ತದೆ. ಹಾಗಾಗಿ ಹೋಳು ಮಾಡಲು ಎರಡು ಬಾದಾಮಿ. ರಸಪುರಿಯ ಗುಣ ಬೇರೆ. ಅದು ಕೈಯಲ್ಲಿ ಹಿಸುಕಿದರೆ ರಸವಾಗುವ ಹಣ್ಣು, ಸೀಕರಣೆಗೆ ಅದಕ್ಕಿಂತ ಒಳ್ಳೆಯದಿಲ್ಲ. ಹಾಗಾಗಿ ರಸಕ್ಕೆ ಎರಡು ರಸಪುರಿ. ಹೋಳು ಮಾಡಲು ರಸಪುರಿ ತಂದರೆ ಎಲ್ಲ ಕಲಸಿಹೋಗುತ್ತದೆ. ಇವೆರಡರ ಜೊತೆಗೆ ಮೂರು ಏಲಕ್ಕಿ ಬಾಳೆ, ಎರಡು ಸಪೋಟ, ಅರ್ಧ ಬಟ್ಟಲು ದಾಳಿಂಬೆ ಕಾಳು. ಇವುಗಳ ಮೇಲೆ ಇನ್ನೂ ಐದಾರು ಬಗೆ ಸೇರಿಸಿದರೆ ಸೊಗಸು ಎಂದುಕೊಳ್ಳಬೇಡಿ, ಬಗೆ ಹೆಚ್ಚಾದಷ್ಟೂ ಯಾವುದರ ರುಚಿಯೂ ನಾಲಿಗೆಗೆ ನಿಲ್ಲುವುದಿಲ್ಲ.

ಮಾವು ಕೊಳ್ಳುವಾಗ ಬಣ್ಣಕ್ಕೆ ಮರುಳಾಗಬಾರದು. ತೊಟ್ಟಿನ ಬಳಿ ಮೂಗಿಟ್ಟು ನೋಡಿ, ಪರಿಮಳ ಅಲ್ಲಿಂದ ಬರಬೇಕು. ಸಿಪ್ಪೆ ಹಳದಿಯಾಗಿ ಮಿಂಚುತ್ತಿದ್ದು ವಾಸನೆಯೇ ಇಲ್ಲದಿದ್ದರೆ ಆ ಹಣ್ಣು ಬೇಡ. ಕ್ಯಾಲ್ಸಿಯಂ ಕಾರ್ಬೈಡ್ ಬಳಸಿ ಹಣ್ಣು ಮಾಗಿಸುವುದಕ್ಕೆ ನಿಷೇಧವಿದೆ, ಆದರೂ ಕೊಳ್ಳುವವರ ಎಚ್ಚರ ಕೊಳ್ಳುವವರಿಗೆ ಇರಬೇಕು. ಲಾಲ್‌ಬಾಗಿನಲ್ಲಿ ಮಾವು ಮೇಳ ನಡೆದಾಗ ರಾಮನಗರ, ಕೋಲಾರದ ಕಡೆಯ ಬೆಳೆಗಾರರೇ ಮಾರಲು ಕುಳಿತಿರುತ್ತಾರೆ. ಯಾವ ಹಣ್ಣು ಇವತ್ತಿಗೆ, ಯಾವುದು ನಾಡಿದ್ದಿಗೆ ಎಂದು ಅವರನ್ನು ಕೇಳಿದರೆ ಆರಿಸಿ ಕೊಡುತ್ತಾರೆ. ಮನೆಗೆ ತಂದ ಹಣ್ಣನ್ನು ಅರ್ಧ ಗಂಟೆ ನೀರಿನಲ್ಲಿ ಹಾಕಿಟ್ಟು, ತೊಟ್ಟಿನ ಸೊನೆ ತೊಳೆದು, ಆಮೇಲೆ ಹೆಚ್ಚಿ.

ಮೊದಲು ಬೆಲ್ಲದ ಪಾಕ ಮಾಡಿಟ್ಟುಕೊಳ್ಳಿ. ನೂರು ಗ್ರಾಂ ಬೆಲ್ಲಕ್ಕೆ ಕಾಲು ಬಟ್ಟಲು ನೀರು ಹಾಕಿ ಕರಗಿಸಿ, ಕಸ ಹೋಗುವಂತೆ ಸೋಸಿ, ಮತ್ತೆ ಒಲೆಯ ಮೇಲಿಟ್ಟು ನಾಲ್ಕೈದು ನಿಮಿಷ ಕುದಿಸಿ. ಎಳೆ ಬರುವವರೆಗೆ ಕಾಯಬೇಡಿ, ಬೆರಳಿಗೆ ಜಿಗುಟು ತಾಗಿದರೆ ಸಾಕು. ಎರಡು ಏಲಕ್ಕಿ ಜಜ್ಜಿ ಹಾಕಿ ಪೂರ್ತಿ ಆರಲು ಬಿಡಿ. ಬಿಸಿ ಪಾಕ ಹಣ್ಣಿಗೆ ಬಿದ್ದರೆ ಹೋಳು ಮೆತ್ತಗಾಗುತ್ತದೆ. ಮಾವು, ಸಪೋಟ, ದಾಳಿಂಬೆ ಮೂರನ್ನೂ ಅಗಲವಾದ ಬೋಗುಣಿಗೆ ಹಾಕಿ, ನಾಲ್ಕು ಚಮಚ ಪಾಕ, ಅರ್ಧ ನಿಂಬೆಹಣ್ಣಿನ ರಸ, ಒಂದು ಚಿಟಿಕೆ ಉಪ್ಪು ಸೇರಿಸಿ, ಚಮಚದಿಂದ ಕಲಕದೆ ಬೋಗುಣಿಯನ್ನೇ ಕುಲುಕಿ, ಮುಚ್ಚಿ ಫ್ರಿಜ್‌ನಲ್ಲಿ ಮುಕ್ಕಾಲು ಗಂಟೆ ಇಡಿ. ಬಾಳೆಹಣ್ಣನ್ನು ಕೊನೆಯ ಹತ್ತು ನಿಮಿಷ ಇರುವಾಗ ಹೆಚ್ಚಿ ಸೇರಿಸಿ. ನಿಂಬೆರಸ ಅದು ಕಪ್ಪಾಗುವುದನ್ನು ತಡೆಯುತ್ತದೆ. ರಸಪುರಿಯನ್ನು ಹಿಂಡಿ, ಓಟೆ ತೆಗೆದು, ಜರಡಿಯಲ್ಲಿ ಸೋಸಿ ಬೇರೆಯೇ ಇಟ್ಟುಕೊಳ್ಳಿ. ಅದನ್ನು ಕುದಿಸುವ ಅಗತ್ಯವಿಲ್ಲ.

ಹಣ್ಣೇ ಸಿಹಿ ಇರುವಾಗ ಬೆಲ್ಲ ಏಕೆ ಎಂದು ನೀವು ಕೇಳಬಹುದು. ತಣ್ಣಗಿರುವಾಗ ನಾಲಿಗೆಗೆ ಸಿಹಿ ಕಡಿಮೆ ತಿಳಿಯುತ್ತದೆ. ಕರಗಿದ ಐಸ್‌ಕ್ರೀಂ ಕುಡಿದು ನೋಡಿದವರಿಗೆ ಇದು ಗೊತ್ತು, ಗಟ್ಟಿಯಾಗಿದ್ದಾಗ ಹಿತವಾಗಿದ್ದದ್ದು ಕರಗಿದ ಮೇಲೆ ಅತಿ ಸಿಹಿ ಎನಿಸುತ್ತದೆ. ಬರಿಯ ಹಣ್ಣನ್ನು ಐಸ್‌ಕ್ರೀಂ ಪಕ್ಕದಲ್ಲಿಟ್ಟು ತಿಂದರೆ ಒಳ್ಳೆಯ ಬಾದಾಮಿಯೂ ಹುಳಿ ಎನಿಸುವುದು ಇದಕ್ಕೇ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಒಂದು ಸಲ ಮಗಳ ಹುಟ್ಟುಹಬ್ಬಕ್ಕೆ ಹಿಂದಿನ ರಾತ್ರಿಯೇ ಕೆಲಸ ಮುಗಿಸೋಣವೆಂದು ಹಸಿ ಅನಾನಸ್ ಹೋಳುಗಳನ್ನು ಕೆನೆಹಾಲಿನಲ್ಲಿ ಹಾಕಿ ಇಟ್ಟಿದ್ದೆ. ಮರುದಿನ ಸಂಜೆ ಬಾಯಿಗಿಟ್ಟರೆ ಕಹಿ. ಮಕ್ಕಳು ಲೋಟ ಹಿಡಿದು ಕಾಯುತ್ತಿದ್ದರು, ನನ್ನ ಕೈಯಲ್ಲಿ ಅವರಿಗೆ ಕೊಡಲು ಏನೂ ಇರಲಿಲ್ಲ. ಆ ಸಂಕಟ ನಿಮಗೆ ಬರಬಾರದು. ಹಸಿ ಅನಾನಸ್‌ನಲ್ಲಿ ಬ್ರೊಮೆಲಿನ್ ಎಂಬ ಕಿಣ್ವವಿದೆ. ಅದು ಹಾಲಿನ ಪ್ರೋಟೀನನ್ನು ಒಡೆಯುತ್ತದೆ, ಕಹಿ ಹುಟ್ಟುವುದು ಅದರಿಂದ. ಪರಂಗಿ, ಕಿವಿ ಹಣ್ಣುಗಳಲ್ಲೂ ಇಂಥ ಕಿಣ್ವಗಳಿವೆ. ಕುದಿಸಿದರೆ ಅವುಗಳ ಶಕ್ತಿ ಅಡಗುತ್ತದೆ. ಆದ್ದರಿಂದ ಅನಾನಸ್ ಬೇಕೆಂದರೆ ಸ್ವಲ್ಪ ಸಕ್ಕರೆ ಹಾಕಿ ಐದು ನಿಮಿಷ ಕುದಿಸಿ, ಆರಿಸಿ ಬಳಸಿ.

ಇನ್ನು ಐಸ್‌ಕ್ರೀಂ. ಅಂಗಡಿಯಿಂದಲೇ ತನ್ನಿ, ಅದರಲ್ಲಿ ತಪ್ಪಿಲ್ಲ. ವೆನಿಲಾ ಸಾಕು. ಮಾವಿನ ಜೊತೆಗೆ ಮಾವಿನ ಐಸ್‌ಕ್ರೀಂ ಇಟ್ಟರೆ ತಾಜಾ ಹಣ್ಣಿನ ಸುವಾಸನೆ ಮಂಕಾಗುತ್ತದೆ. ಡಬ್ಬಿಯ ಮೇಲಿನ ಅಕ್ಷರಗಳನ್ನು ಮಾತ್ರ ಓದಿ. ಐಸ್‌ಕ್ರೀಂ ಎಂದು ಬರೆದಿದ್ದರೆ ಅದರಲ್ಲಿರುವುದು ಹಾಲಿನ ಕೊಬ್ಬು, ಕಾನೂನಿನ ಪ್ರಕಾರ ಕನಿಷ್ಠ ಶೇಕಡಾ 10. ಫ್ರೋಜನ್ ಡೆಸರ್ಟ್ ಎಂದಿದ್ದರೆ ಅದರಲ್ಲಿ ಸಸ್ಯಜನ್ಯ ಎಣ್ಣೆ ಅಥವಾ ಕೊಬ್ಬು ಸೇರಿರುತ್ತದೆ. ಒಂದೇ ಅಳತೆಯ ಎರಡು ಡಬ್ಬಿಗಳನ್ನು ಕೈಯಲ್ಲಿ ತೂಗಿಯೂ ನೋಡಿ. ಹಗುರವಾದದ್ದರಲ್ಲಿ ಗಾಳಿ ಹೆಚ್ಚು. ಮುಚ್ಚಳದ ಒಳಗೆ ಹಿಮದ ಹರಳು ಕಟ್ಟಿದ್ದರೆ ದಾರಿಯಲ್ಲೆಲ್ಲೋ ಕರಗಿ ಮತ್ತೆ ಹೆಪ್ಪುಗಟ್ಟಿದೆ ಎಂದು ಅನುಮಾನಿಸಬೇಕು. ಅಂಥದ್ದು ತಿನ್ನುವಾಗ ಮರಳು ಮರಳಾಗಿರುತ್ತದೆ.

ಎಲ್ಲ ಸಿದ್ಧವಾದ ಮೇಲೂ ಸಂಡೇ ಕೆಡುವುದು ಕೊನೆಯ ಹತ್ತು ನಿಮಿಷಗಳಲ್ಲಿ. ಫ್ರೀಜರಿನ ಶೀತ ಸುಮಾರು ಸೊನ್ನೆಗಿಂತ 18 ಡಿಗ್ರಿ ಕೆಳಗೆ. ಅಲ್ಲಿಂದ ನೇರವಾಗಿ ತೆಗೆದ ಐಸ್‌ಕ್ರೀಂ ಕಲ್ಲಿನಂತಿರುತ್ತದೆ, ನಾಲಿಗೆ ಮರಗಟ್ಟಿಸುತ್ತದೆ, ರುಚಿ ಕೊಡುವುದಿಲ್ಲ. ಅಡುಗೆಮನೆಯ ಕಟ್ಟೆಯ ಮೇಲಿಟ್ಟರೆ ಅಂಚು ಕರಗಿ ನಡು ಗಟ್ಟಿಯಾಗಿಯೇ ಉಳಿಯುತ್ತದೆ. ಡಬ್ಬಿಯನ್ನು ಫ್ರಿಜ್‌ನ ಕೆಳಗಿನ ಭಾಗಕ್ಕೆ ಇಳಿಸಿ ಹತ್ತು ಹದಿನೈದು ನಿಮಿಷ ಬಿಡಿ, ಆಗ ಒಳಗೂ ಹೊರಗೂ ಒಂದೇ ಹದ ಬರುತ್ತದೆ. ಗಾಜಿನ ಲೋಟಗಳನ್ನೂ ಅಲ್ಲೇ ತಣ್ಣಗಾಗಲು ಇಡಿ. ಹಣ್ಣನ್ನು ಮಾತ್ರ ಯಾವ ಕಾರಣಕ್ಕೂ ಫ್ರೀಜರಿಗೆ ಹಾಕಬೇಡಿ. ಹಣ್ಣಿನ ತುಂಬ ನೀರೇ ಇರುವುದರಿಂದ ಹೋಳು ಹೆಪ್ಪುಗಟ್ಟಿ ಹಲ್ಲು ಜುಮ್ಮೆನ್ನುತ್ತದೆ.

ತುಂಬುವ ಕ್ರಮ ಹೀಗೆ. ಲೋಟದ ತಳಕ್ಕೆ ಎರಡು ಚಮಚ ರಸಪುರಿ ರಸ, ಅದರ ಮೇಲೆ ಒಂದು ಸೌಟು ಹಣ್ಣು. ಐಸ್‌ಕ್ರೀಂ ತೆಗೆಯುವ ಚಮಚವನ್ನು ಬಿಸಿನೀರಿನಲ್ಲಿ ಅದ್ದಿ ಒರೆಸಿ, ಒಂದು ಉಂಡೆ. ಮತ್ತೆ ಹಣ್ಣು, ಮತ್ತೊಂದು ಉಂಡೆ. ಅರ್ಧ ಲೀಟರಿನ ಡಬ್ಬಿಯಲ್ಲಿ ಎಂಟು ಉಂಡೆ ಬರುತ್ತದೆ, ನಾಲ್ಕು ಲೋಟಕ್ಕೆ ಸರಿಹೋಗುತ್ತದೆ. ಮೇಲೆ ಬೋಗುಣಿಯಲ್ಲಿ ನಿಂತ ರಸವನ್ನು ಒಂದೊಂದು ಚಮಚ ಹನಿಸಿ. ಹಣ್ಣು ತಳದಲ್ಲೂ ಇರಲಿ ಎನ್ನುವುದು ನನ್ನ ಹಟ. ಕೆಲವು ಕಡೆ ಮೇಲೆ ನಾಲ್ಕು ಹೋಳು ಮೆರೆಸಿ ಕೆಳಗೆ ಬರಿಯ ಐಸ್‌ಕ್ರೀಂ ಇಡುತ್ತಾರೆ, ಅರ್ಧ ಲೋಟದ ಹೊತ್ತಿಗೆ ತಿನ್ನುವ ಆಸೆ ಮುಗಿದಿರುತ್ತದೆ.

ಹಲ್ಲಿಗೆ ಸಿಗುವಂಥದ್ದೂ ಏನಾದರೂ ಬೇಕು. ನಾನು ಕಡಲೆಕಾಯಿ ಚಿಕ್ಕಿಯನ್ನು ಕುಟ್ಟಾಣಿಯಲ್ಲಿ ಒರಟಾಗಿ ಕುಟ್ಟಿ ಉದುರಿಸುತ್ತೇನೆ. ಕಾರ್ತಿಕದಲ್ಲಿ ಕಡಲೆಕಾಯಿ ಪರಿಷೆ ನಡೆಸುವ ಬಸವನಗುಡಿಯವಳು ನಾನು, ಬೇರೆ ಯಾವ ಬೀಜಕ್ಕೂ ನನ್ನ ಮನಸ್ಸು ಒಪ್ಪುವುದಿಲ್ಲ. ಹುರಿದ ಕಡಲೆಕಾಯಿಯ ಘಮಕ್ಕೂ ಬೆಲ್ಲದ ಹಣ್ಣಿನ ರಸಕ್ಕೂ ಒಳ್ಳೆಯ ನಂಟು. ಲೋಟ ಕೈಗೆ ಕೊಡುವ ಗಳಿಗೆಯಲ್ಲೇ ಚಿಕ್ಕಿ ಹಾಕಿ, ಮೊದಲೇ ಹಾಕಿದರೆ ತೇವ ಹೀರಿ ಅಂಟಾಗುತ್ತದೆ.

ಮಾವು ಮುಗಿದರೆ ಸಂಡೇ ಮುಗಿಯಿತೆಂದಲ್ಲ. ಮಳೆ ಹಿಡಿದಾಗ ನೇರಳೆ, ಆಮೇಲೆ ಸೀತಾಫಲ, ಚಳಿಯಲ್ಲಿ ಸೀಬೆ. ಬೆಂಗಳೂರು ಬ್ಲೂ ಎಂಬ ನಮ್ಮ ಕಪ್ಪು ದ್ರಾಕ್ಷಿ ಇದೆಯಲ್ಲ, ಅದನ್ನು ಬಿಡಬೇಡಿ. ಊರಿನ ಹಲವು ಕಡೆ ಹಣ್ಣು ತರಕಾರಿ ಮಳಿಗೆ ಇರುವ ಹಾಪ್‌ಕಾಮ್ಸ್ ಸಂಸ್ಥೆ 1959ರಲ್ಲಿ ಶುರುವಾದದ್ದೇ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ. ಈ ದ್ರಾಕ್ಷಿಗೆ ದಪ್ಪ ಸಿಪ್ಪೆ, ಒಳಗೆ ಬೀಜ, ಹೋಳು ಮಾಡಲು ಬಾರದು. ಆದರೆ ಎರಡು ಬಟ್ಟಲು ದ್ರಾಕ್ಷಿಗೆ ಮೂರು ಚಮಚ ಸಕ್ಕರೆ ಹಾಕಿ, ಸಿಪ್ಪೆ ಒಡೆಯುವವರೆಗೆ ಬೇಯಿಸಿ ಸೋಸಿದರೆ ಕಡುನೇರಳೆ ಬಣ್ಣದ ಪಾಕ ಇಳಿಯುತ್ತದೆ. ಬಿಳಿಯ ಐಸ್‌ಕ್ರೀಂ ಮೇಲೆ ಅದು ಹರಿಯುವುದನ್ನು ಒಮ್ಮೆ ನೋಡಬೇಕು.

ಬೋಗುಣಿಯ ತಳದಲ್ಲಿ ಹಣ್ಣಿನ ರಸ ಒಂದಿಷ್ಟು ಉಳಿದೇ ಉಳಿಯುತ್ತದೆ. ಅದನ್ನು ಚೆಲ್ಲಬೇಡಿ. ಮುಚ್ಚಿ ಫ್ರಿಜ್‌ನಲ್ಲಿಡಿ. ಮರುದಿನ ಬೆಳಿಗ್ಗೆ ಬಿಸಿ ದೋಸೆಯ ಪಕ್ಕದಲ್ಲಿ ಬಟ್ಟಲಿಗೆ ಹಾಕಿಟ್ಟರೆ, ಮೊದಲು ಖಾಲಿಯಾಗುವುದು ಆ ಬಟ್ಟಲೇ.

ನಮಸ್ಕಾರ.