ಕೋಚಿಂಗ್ ಯಾರಿಗೆ ಕೊಡಬೇಕು?

ಕೇಳುಗರಿಗೆ ನಮಸ್ಕಾರ.

ಗಾರ್ಮೆಂಟ್ ಕಾರ್ಖಾನೆಯಲ್ಲಿ ಒಂದು ಲೈನ್, ಅಂದರೆ ಸಾಲಾಗಿ ಕೂತು ಹೊಲಿಯುವ ಒಂದು ತಂಡ, ಟಾರ್ಗೆಟ್ ಮುಟ್ಟುತ್ತಿಲ್ಲ ಅಂದುಕೊಳ್ಳಿ. ಅದರ ಸೂಪರ್‌ವೈಸರ್ ಮೊನ್ನೆಮೊನ್ನೆವರೆಗೂ ಟೈಲರ್ ಆಗಿದ್ದವರು. ಹೊಲಿಗೆಯಲ್ಲಿ ಕೈ ಪಳಗಿದೆ ಅಂತಲೇ ಬಡ್ತಿ ಸಿಕ್ಕಿದ್ದು. ಈಗ ಮೇಲಿನವರು ಹೇಳುತ್ತಾರೆ, "ಇವರಿಗೆ ಕೋಚಿಂಗ್ ಕೊಡಿಸಿ." ಅಂದರೆ, ಜನರಿಂದ ಕೆಲಸ ಮಾಡಿಸುವುದು ಹೇಗೆ ಅಂತ ಯಾರಾದರೂ ಜೊತೆಗೆ ಕೂತು ಹೇಳಿಕೊಡಲಿ ಅಂತ.

ಸ್ವಲ್ಪ ತಡೆಯಿರಿ. ಮೊದಲು ಆ ಲೈನ್ ಹತ್ತಿರ ಅರ್ಧ ದಿನ ನಿಂತು ನೋಡಿ. ಕಟಿಂಗ್‌ನಿಂದ ಪೀಸ್ ಹೊತ್ತಿಗೆ ಸರಿಯಾಗಿ ಬರುತ್ತಿದೆಯೇ? ಮೆಷಿನ್ ಕೆಟ್ಟರೆ ಮೆಕ್ಯಾನಿಕ್ ಬೇಗ ಬರುತ್ತಾರೆಯೇ? ರಜೆ ಹಾಕಿದವರ ಜಾಗಕ್ಕೆ ಬದಲಿ ಜನ ಇದ್ದಾರೆಯೇ? ಇವೆಲ್ಲ ಕೈಕೊಟ್ಟಿದ್ದರೆ ತಪ್ಪು ಸೂಪರ್‌ವೈಸರದ್ದಲ್ಲ, ಅಲ್ವಾ? ಅವರನ್ನು ಸುಮ್ನೆ ಕೋಚಿಂಗ್‌ಗೆ ಕೂರಿಸಿದರೆ ಲೈನ್ ಓಡುವುದಿಲ್ಲ. ಅವರಿಗೇ ಅವಮಾನವಾಗುತ್ತದೆ.

ಎಲ್ಲ ಸರಿಯಿದ್ದೂ ಅವರು ಟೈಲರ್‌ಗಳ ಮೇಲೆ ರೇಗುತ್ತಿದ್ದರೆ, ಕೆಲಸ ಹಂಚದೆ ತಾವೇ ಮೆಷಿನ್ ಮುಂದೆ ಕೂತುಬಿಟ್ಟರೆ, ತೊಂದರೆಯನ್ನು ಮ್ಯಾನೇಜರಿಗೆ ಹೇಳಲು ಅಂಜಿದರೆ, ಆಗ ಕೋಚಿಂಗ್ ನೆರವಾದೀತು. ಆಗಲೂ ಅವರನ್ನೇ ಕೇಳಿ, "ನಿಮಗೆ ಎಲ್ಲಿ ಕಷ್ಟ ಆಗ್ತಿದೆ?" ಇದು ಶಿಕ್ಷೆ ಅಂದುಕೊಂಡು ಬಂದವರು ಬಾಯಿಯೇ ಬಿಡುವುದಿಲ್ಲ. ಆದರೆ ಲೈಂಗಿಕ ಕಿರುಕುಳದ ದೂರಿದ್ದರೆ ಕೋಚಿಂಗ್ ಮಾತೇ ಬೇಡ. 2013ರ ಕಾಯ್ದೆಯಂತೆ ಅದು ಆಂತರಿಕ ಸಮಿತಿಗೆ ಹೋಗಬೇಕು.

ಇನ್ನು, ಯಾರಿಗೆ ಕೊಡಬೇಕು ಅನ್ನುವುದನ್ನು ಮ್ಯಾನೇಜರ್ ಒಬ್ಬರೇ ತೀರ್ಮಾನಿಸಿದರೆ ಸಾಲದು. ಅರ್ಥಶಾಸ್ತ್ರಜ್ಞ ಅಚ್ಯುತ ಅಧ್ವರ್ಯು ಮತ್ತು ಸಂಗಡಿಗರು ನಮ್ಮ ದೇಶದ ಗಾರ್ಮೆಂಟ್ ಕಾರ್ಖಾನೆಗಳಲ್ಲೇ ಇದನ್ನು ಪರೀಕ್ಷಿಸಿದ್ದಾರೆ. ಜನರನ್ನು ನಡೆಸಿಕೊಂಡು ಹೋಗುವ ಬಗ್ಗೆ ಸೂಪರ್‌ವೈಸರ್‌ಗಳಿಗೆ ತರಬೇತಿ. ಯಾರನ್ನು ಕಳಿಸಬೇಕು ಅಂತ ಮೊದಲು ಮ್ಯಾನೇಜರ್‌ಗಳನ್ನು ಕೇಳಿದರು. ಆಮೇಲೆ ಹೆಚ್ಚು ಶಿಫಾರಸು ಸಿಕ್ಕವರಲ್ಲೂ ಕಡಿಮೆ ಸಿಕ್ಕವರಲ್ಲೂ ಕೆಲವರನ್ನು ಚೀಟಿ ಎತ್ತಿದ ಹಾಗೆ ತರಬೇತಿಗೆ ಆರಿಸಿದರು. ಮ್ಯಾನೇಜರ್‌ಗಳು ಬಲವಾಗಿ ಶಿಫಾರಸು ಮಾಡಿದ್ದವರ ಉತ್ಪಾದನೆ ಏರಲಿಲ್ಲ. ಅಷ್ಟಾಗಿ ಶಿಫಾರಸು ಸಿಗದಿದ್ದವರದ್ದು, ತರಬೇತಿ ಇಲ್ಲದವರಿಗಿಂತ ಶೇಕಡಾ 12ರಷ್ಟು ಜಾಸ್ತಿಯಾಯಿತು!

ಮ್ಯಾನೇಜರ್‌ಗಳಿಗೆ ತಿಳಿವಳಿಕೆ ಸಾಲದೆ ಹೀಗಾಗಿದ್ದಲ್ಲ. ತಮ್ಮವರಿಗೆ ಅಂತ ಪಕ್ಷಪಾತ ಮಾಡಿದ್ದೂ ಅಲ್ಲ. ಸೂಪರ್‌ವೈಸರ್ ಕೆಲಸ ಬಿಟ್ಟರೆ ಹೊಸಬರನ್ನು ಹುಡುಕಿ ತಯಾರು ಮಾಡುವ ಪಾಡು ಅವರದೇ. ಹಾಗಾಗಿ ಉತ್ಪಾದನೆಗಿಂತ, ಇರುವವರನ್ನು ಉಳಿಸಿಕೊಳ್ಳುವುದಕ್ಕೇ ಹೆಚ್ಚು ಗಮನ ಕೊಟ್ಟಿದ್ದರು. ತರಬೇತಿ ಪಡೆದವರು ಕೆಲಸ ಬಿಟ್ಟಿದ್ದೂ ಕಡಿಮೆಯೇ.

ಅದಕ್ಕೇ ಮ್ಯಾನೇಜರನ್ನು ಎರಡು ಪ್ರಶ್ನೆ ಬೇರೆಬೇರೆಯಾಗಿ ಕೇಳಿ. ಯಾರು ಬಿಟ್ಟುಹೋದರೆ ನಿಮಗೆ ಕಷ್ಟ? ನೆರವು ಸಿಕ್ಕರೆ ಯಾರ ಕೆಲಸ ಸುಧಾರಿಸುತ್ತದೆ? ಎರಡನೆಯ ಪ್ರಶ್ನೆಯನ್ನು ಆ ಲೈನಿನ ಟೈಲರ್‌ಗಳಿಗೂ ಕೇಳಿ. ದಿನವಿಡೀ ಆ ಸೂಪರ್‌ವೈಸರ್ ಮಾತು ಕೇಳುವವರು ಅವರೇ.