ಕುದುರೆಗೆ ದುಡ್ಡು ಕೊಟ್ಟವಳು

ಒಂದು ರಾತ್ರಿಯ ದೃಶ್ಯದಿಂದ ಶುರು ಮಾಡುತ್ತೇನೆ. ಇಂಗ್ಲೆಂಡಿನಲ್ಲಿ ಒಬ್ಬ ಯಹೂದಿ ಹಿರಿಯನ ಮನೆ. ಅಲ್ಲಿಗೊಬ್ಬ ಅತಿಥಿ ಬಂದಿದ್ದಾನೆ. ಒಳ್ಳೆ ಮನೆತನದವನು, ಯುದ್ಧ ಮಾಡಿ ಬಂದವನು. ಆದರೆ ಅಪ್ಪ ಮನೆಯಿಂದ ಹೊರಗೆ ಹಾಕಿದ್ದಾನೆ, ಕೈಯಲ್ಲಿ ಕಾಸಿಲ್ಲ. ಎಲ್ಲರೂ ಮಲಗಿದ ಮೇಲೆ ಮನೆಯ ಮಗಳು ಅಪ್ಪನಿಗೆ ಗೊತ್ತಾಗದ ಹಾಗೆ ಅವನನ್ನು ಕಾಣಲು ಬರುತ್ತಾಳೆ. ತನ್ನ ಒಡವೆಗಳನ್ನು ಅವನ ಕೈಗಿಡುತ್ತಾಳೆ. ಇದನ್ನು ಮಾರಿ ಕುದುರೆ ತಗೋ, ಕವಚ ತಗೋ, ಕಾಳಗಕ್ಕೆ ಇಳಿ ಅನ್ನುವುದು ಅದರ ಅರ್ಥ.

1952ರಲ್ಲಿ ಹಾಲಿವುಡ್ಡಿನ ಎಂಜಿಎಂ ಸ್ಟುಡಿಯೋ ಮಾಡಿದ ‘ಐವನ್‌ಹೋ’ ಸಿನಿಮಾದಲ್ಲಿ ಇದು ಸಣ್ಣ ದೃಶ್ಯ. ಕಾಲೇಜಿನಲ್ಲಿದ್ದಾಗ ಮೊದಲ ಸಲ ನೋಡಿದಾಗ ಇದು ನನ್ನ ತಲೆಯಲ್ಲಿ ಉಳಿದೇ ಇರಲಿಲ್ಲ. ಉಳಿದಿದ್ದು ಕೊನೆಯ ಕಾಳಗ, ಉರಿಯುವ ಕೋಟೆ, ಆಮೇಲೆ ಎಲಿಜಬೆತ್ ಟೇಲರ್ ಕಣ್ಣು. ಸುಳ್ಳು ಯಾಕೆ ಹೇಳಲಿ. ಈಚೆಗೆ ಮತ್ತೆ ನೋಡಿದೆ. ಈ ಸಲ ಆ ಒಡವೆಯ ಮೇಲಿಂದ ಕಣ್ಣು ತೆಗೆಯೋಕೆ ಆಗಲಿಲ್ಲ. ಎರಡು ಗಂಟೆಯ ಕಥೆಯಲ್ಲಿ ನಡೆಯುವ ಅಷ್ಟೂ ವೀರಾವೇಶದ ಖರ್ಚು ಕೊಟ್ಟಿದ್ದು ಆ ಹುಡುಗಿ. ಇವತ್ತು ನಾನು ಹೇಳಬೇಕು ಅಂದುಕೊಂಡಿರುವುದು ಅದೇ.

ನೋಡದವರಿಗೆ ಕಥೆ ಚುಟುಕಾಗಿ ಹೇಳಿಬಿಡುತ್ತೇನೆ. ವಾಲ್ಟರ್ ಸ್ಕಾಟ್ 1819ರಲ್ಲಿ ಹೊರತಂದ ಕಾದಂಬರಿ ಇದಕ್ಕೆ ಮೂಲ. ಇಂಗ್ಲೆಂಡಿನ ರಾಜ ರಿಚರ್ಡ್ ಕ್ರುಸೇಡ್, ಅಂದರೆ ಜೆರುಸಲೇಮಿಗಾಗಿ ಕ್ರೈಸ್ತರು ಹೂಡಿದ ಧರ್ಮಯುದ್ಧ, ಮುಗಿಸಿ ವಾಪಸ್ ಬರುವಾಗ ಆಸ್ಟ್ರಿಯಾದಲ್ಲಿ ಸೆರೆ ಸಿಕ್ಕಿದ್ದಾನೆ. ಅವನ ನೈಟ್, ಅಂದರೆ ಕುದುರೆಯೇರಿ ಕಾದಾಡುವ ವೀರ, ಐವನ್‌ಹೋ ಹಾಡುಗಾರನ ವೇಷದಲ್ಲಿ ಕೋಟೆಯಿಂದ ಕೋಟೆಗೆ ಹಾಡುತ್ತಾ ಅಲೆದು ಅವನನ್ನು ಪತ್ತೆ ಮಾಡುತ್ತಾನೆ. ಬಿಡಿಸಲು 1,50,000 ಮಾರ್ಕ್ (ಆಗಿನ ಹಣದ ಅಳತೆ) ಬೆಳ್ಳಿ ಬೇಕು. ತಮ್ಮ ಜಾನ್ ಮಾತ್ರ, ಅಣ್ಣ ಅಲ್ಲೇ ಕೊಳೆಯಲಿ, ಪಟ್ಟ ನನಗಿರಲಿ ಅಂತ ಕೂತಿದ್ದಾನೆ. ಐವನ್‌ಹೋ ದುಡ್ಡಿಗಾಗಿ ಐಸಾಕ್ ಅನ್ನುವ ಯಹೂದಿ ಹಿರಿಯನ ಮನೆಗೆ ಹೋಗುತ್ತಾನೆ. ಆ ಹಿರಿಯನ ಮಗಳೇ ರೆಬೆಕಾ, ಎಲಿಜಬೆತ್ ಟೇಲರ್ ಮಾಡಿದ ಪಾತ್ರ. ಈ ಕಡೆ ಐವನ್‌ಹೋ ಪ್ರೀತಿಸುವ ಹುಡುಗಿ ಬೇರೆ ಇದ್ದಾಳೆ, ರೊವೀನಾ. ತ್ರಿಕೋನ ಪ್ರೇಮ ಅಂತ ನೀವು ಈಗಾಗಲೇ ಅಂದುಕೊಂಡಿರಬಹುದು. ಇಲ್ಲ, ಚೌಕ. ನಾಲ್ಕನೆಯವನು ಆಮೇಲೆ ಬರುತ್ತಾನೆ.

ನೈಟ್‌ಗಳ ಧೀರ ನಡವಳಿಕೆಗೆ ಇಂಗ್ಲಿಷಿನಲ್ಲಿ ಶಿವಲ್ರಿ ಅಂತಾರೆ. ಆ ಪದದ ಬೇರು ಫ್ರೆಂಚಿನಲ್ಲಿದೆ. ಶವಾಲ್ ಅಂದರೆ ಕುದುರೆ. ಕುದುರೆ ಏರಿದವನು ಶವಾಲಿಯೇ. ನಾವು ರಾವುತ ಅನ್ನುತ್ತೇವಲ್ಲ, ಹೆಚ್ಚು ಕಡಿಮೆ ಹಾಗೆ. ದಯೆ, ದಾಕ್ಷಿಣ್ಯ, ಹೆಣ್ಣಿಗೆ ಮರ್ಯಾದೆ ಇದೆಲ್ಲ ಆಮೇಲೆ ಅಂಟಿಕೊಂಡ ಅರ್ಥಗಳು. ಮೊದಲು ಬೇಕಾಗಿದ್ದು ಕುದುರೆ. ಯುದ್ಧದ ಕುದುರೆ ಸಾಕುವುದು, ಕಬ್ಬಿಣದ ಬಳೆ ಹೆಣೆದ ಅಂಗಿ ಮಾಡಿಸುವುದು ಆ ಕಾಲದಲ್ಲಿ ಒಂದು ಆಸ್ತಿ ಕರಗಿಸುವಷ್ಟು ಖರ್ಚಿನ ಬಾಬತ್ತು. ಹೊಟ್ಟೆಗಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತಾರಲ್ಲ, ನಮ್ಮ ಐವನ್‌ಹೋ ಪರಿಸ್ಥಿತಿ ಅದೇ. ಮುಡಿಸಿದವಳು ರೆಬೆಕಾ.

ಈಗ ಆಶ್‌ಬಿ ಊರಿನ ಪಂದ್ಯಕ್ಕೆ ಬನ್ನಿ. ಮುಖ ಮುಚ್ಚಿಕೊಂಡ, ಹೆಸರು ಹೇಳದ, ಕಪ್ಪು ಕವಚದ ಸವಾರ ಬಂದು ಐದು ಜನ ನಾರ್ಮನ್ (ಫ್ರಾನ್ಸಿನಿಂದ ಬಂದು ಇಂಗ್ಲೆಂಡ್ ಗೆದ್ದವರ ಕಡೆಯ) ವೀರರಿಗೆ ಒಟ್ಟಿಗೇ ಸವಾಲು ಹಾಕುತ್ತಾನೆ. ಭರ್ಜಿ ಹಿಡಿದು ಮೊದಲ ನಾಲ್ವರನ್ನು ಒಬ್ಬೊಬ್ಬರಾಗಿ ಸೋಲಿಸುತ್ತಾನೆ. ಟೆಕ್ನಿಕಲರ್ ಬಣ್ಣದಲ್ಲಿ ಬಾವುಟ, ಡೇರೆ, ಕುದುರೆಗೆ ಹೊದಿಸಿದ ಬಟ್ಟೆ ಎಲ್ಲ ಜಾತ್ರೆಯ ಹಾಗೆ ಕಾಣುತ್ತದೆ. ಕ್ಯಾಮೆರಾ ಹಿಡಿದವರು ಫ್ರೆಡಿ ಯಂಗ್. ನಡುವೆ ಒಂದು ಗೆಲುವಿನ ನಂತರ ಐವನ್‌ಹೋ ಪ್ರೇಕ್ಷಕರಲ್ಲಿ ಕೂತ ರೆಬೆಕಾಗೆ ವಂದಿಸುತ್ತಾನೆ. ಒಡವೆಯ ಋಣಕ್ಕೆ ಒಂದು ಥ್ಯಾಂಕ್ಸ್, ಅಷ್ಟೇ. ಆ ವಂದನೆ ಯಾರಿಗೆ ಅಂತ ಇನ್ನೊಬ್ಬ ತಿರುಗಿ ನೋಡುತ್ತಾನೆ. ನಾರ್ಮನ್ ನೈಟ್ ಬ್ವಾ ಗಿಲ್ಬೇರ್. ನೋಡಿದವನು ಅಲ್ಲೇ ಮರುಳಾಗುತ್ತಾನೆ. ಇವನೇ ನಾನು ಹೇಳಿದ ನಾಲ್ಕನೆಯವನು. ಅವಳಿಗೆ ಮುಂದೆ ಬರುವ ಕಷ್ಟ ಎಲ್ಲ ಈ ಒಂದು ಗಳಿಗೆಯಿಂದ ಶುರುವಾಗುತ್ತದೆ. ದುಡ್ಡು ಕೊಟ್ಟವಳಿಗೆ ನಾಯಕ ತೋರಿಸಿದ ಮರ್ಯಾದೆಯೇ ಅವಳ ಕೊರಳಿಗೆ ಬಂತು. ಸಿನಿಮಾ ಇದನ್ನು ಮಾತಿನಲ್ಲಿ ಹೇಳುವುದಿಲ್ಲ. ತೋರಿಸಿ ಮುಂದಕ್ಕೆ ಹೋಗುತ್ತದೆ.

ಚರಿತ್ರೆ ಓದಿದವರು ಇಲ್ಲಿ ಕೈ ಎತ್ತುತ್ತೀರಿ ಅಂತ ಗೊತ್ತು. ಹೌದು, ರಿಚರ್ಡ್ ಕಾಲದ ಪಂದ್ಯ ಹೀಗೆ ಒಬ್ಬರಿಗೊಬ್ಬರು ಓಡಿಬಂದು ಗುದ್ದುವ ಆಟವಾಗಿರಲಿಲ್ಲ. ಎರಡು ಗುಂಪು ಬಯಲಿನಲ್ಲಿ ಕಲಸಿಕೊಂಡು ಹೊಡೆದಾಡುತ್ತಿದ್ದವು. ಸೋತವನನ್ನು ಹಿಡಿದು ಅವನ ಕುದುರೆ, ಕವಚ ಕಿತ್ತುಕೊಳ್ಳುತ್ತಿದ್ದರು. ಅದರಲ್ಲೇ ದುಡ್ಡು ಮಾಡಿದವರಿದ್ದರು. ನೋಡಿ, ಇಲ್ಲೂ ಕುದುರೆ, ಇಲ್ಲೂ ದುಡ್ಡು. ನಾರ್ಮನ್ನರ ಮೇಲೆ ಅವರಿಗಿಂತ ಮೊದಲೇ ಇಂಗ್ಲೆಂಡಿನಲ್ಲಿದ್ದ ಸ್ಯಾಕ್ಸನ್ನರಿಗೆ ಅಷ್ಟೊಂದು ದ್ವೇಷ ಇತ್ತು ಅನ್ನುವುದೂ ಸ್ಕಾಟ್ ಊದಿ ದೊಡ್ಡದು ಮಾಡಿದ ಮಾತು. ಸ್ಯಾಕ್ಸನ್ನರು ನಾರ್ಮನ್ನರಿಗೆ ಸೋತ 1066ಕ್ಕೆ ಅಷ್ಟು ಹೊತ್ತಿಗೆ ನೂರು ವರ್ಷದ ಮೇಲಾಗಿತ್ತು.

ಆದರೆ ಸೆರೆಯ ಕಥೆ ನಿಜ. 1192ರ ಡಿಸೆಂಬರಿನಲ್ಲಿ ವಿಯೆನ್ನಾ ಹತ್ತಿರ ರಿಚರ್ಡ್ ಸಿಕ್ಕಿಬಿದ್ದ. ಆಸ್ಟ್ರಿಯಾದ ಡ್ಯೂಕ್ ಲಿಯೋಪೋಲ್ಡ್ ಅವನನ್ನು ಜರ್ಮನಿಯ ಚಕ್ರವರ್ತಿ ಆರನೇ ಹೆನ್ರಿಗೆ ಒಪ್ಪಿಸಿದ. ಬಿಡುಗಡೆ ಆಗಿದ್ದು 1194ರ ಫೆಬ್ರವರಿಯಲ್ಲಿ. 1,50,000 ಮಾರ್ಕ್ ಅನ್ನುವ ಅಂಕಿಯೂ ನಿಜ. ಅಷ್ಟನ್ನು ಒಟ್ಟುಮಾಡಲು ಜನರ ವರಮಾನ, ಚರಾಸ್ತಿಯ ಮೇಲೆ ಕಾಲು ಭಾಗ ತೆರಿಗೆ ಹಾಕಿದರು. ಚರ್ಚುಗಳ ಬೆಳ್ಳಿ ಪಾತ್ರೆ ತೆಗೆದುಕೊಂಡರು. ಸಿಸ್ಟರ್ಷಿಯನ್ ಮಠಗಳ ಸನ್ಯಾಸಿಗಳು ಸಾಕಿದ ಕುರಿಗಳ ಉಣ್ಣೆಯನ್ನೂ ಬಿಡಲಿಲ್ಲ. ಇದೆಲ್ಲದರ ಹಿಂದೆ ನಿಂತಿದ್ದು ರಿಚರ್ಡನ ತಾಯಿ ಎಲಿನೋರ್. ಎಪ್ಪತ್ತರ ಆಸುಪಾಸಿನ ವಯಸ್ಸಿನಲ್ಲಿ ತಾನೇ ಜರ್ಮನಿಗೆ ಹೋಗಿ ಮಗನನ್ನು ಕರೆದುತಂದಳು. ಹಾಡುಗಾರನ ಕಥೆಗಿಂತ ನನಗೆ ಈ ಮುದುಕಿಯ ಪ್ರಯಾಣವೇ ಜಾಸ್ತಿ ಇಷ್ಟ.

ಈ ಬಿಡುಗಡೆಯ ದುಡ್ಡಿಗಾಗಿ 1194ರಲ್ಲಿ ಇಂಗ್ಲೆಂಡಿನ ಯಹೂದಿಗಳ ಪಾಲಿಗೆ ಹಾಕಿದ್ದು 5,000 ಮಾರ್ಕ್. ಎಂಥಾ ಸಮುದಾಯದ ಮೇಲೆ ಅನ್ನುವುದು ಮುಖ್ಯ. ಇದೇ ರಿಚರ್ಡನ ಪಟ್ಟಾಭಿಷೇಕದ ದಿನ, 1189ರಲ್ಲಿ, ಲಂಡನ್ನಿನಲ್ಲಿ ಯಹೂದಿಗಳ ಮೇಲೆ ದಾಳಿ ಆಗಿತ್ತು. ಮರುವರ್ಷ ಮಾರ್ಚಿನಲ್ಲಿ ಯಾರ್ಕ್ ಊರಿನ ಕೋಟೆಯೊಳಗೆ ಅಡಗಿದ್ದ ಸುಮಾರು 150 ಯಹೂದಿಗಳು ಸತ್ತರು. ಹೊರಗೆ ಗುಂಪು ಕಾಯುತ್ತಿತ್ತು, ಒಳಗೆ ಎಷ್ಟೋ ಜನ ತಮ್ಮವರ ಕೈಯಿಂದಲೇ ಪ್ರಾಣ ಬಿಟ್ಟರು. ಕಾದಂಬರಿಯಲ್ಲಿ ರೆಬೆಕಾಳ ಅಪ್ಪನ ಹೆಸರು ಏನು ಗೊತ್ತಾ? ಐಸಾಕ್ ಆಫ್ ಯಾರ್ಕ್.

ಸಿನಿಮಾದಲ್ಲಿ ಐವನ್‌ಹೋ ಐಸಾಕ್‌ಗೆ ಒಂದು ಮಾತು ಕೊಡುತ್ತಾನೆ. ರಿಚರ್ಡ್ ವಾಪಸ್ ಬಂದರೆ ನಿಮ್ಮ ಜನಕ್ಕೆ ನ್ಯಾಯ ಸಿಗುತ್ತದೆ ಅಂತ. ಐಸಾಕ್ ದುಡ್ಡು ಒಟ್ಟುಮಾಡುತ್ತಾನೆ. ಒಂದು ಲಕ್ಷ ಮಾರ್ಕ್. ಅಷ್ಟರಲ್ಲಿ ರೆಬೆಕಾ ಜಾನ್ ಕಡೆಯವರ ಕೈಗೆ ಸಿಕ್ಕಿದ್ದಾಳೆ. ಜಾನ್ ಅವಳಿಗೆ ಬೆಲೆ ಕಟ್ಟುತ್ತಾನೆ. ಎಷ್ಟು? ಅದೇ ಒಂದು ಲಕ್ಷ. ಮಗಳನ್ನು ಬಿಡಿಸಿಕೋ, ಇಲ್ಲ ರಾಜನನ್ನು ಬಿಡಿಸಿಕೋ. ಐಸಾಕ್ ರಾಜನನ್ನು ಆರಿಸುತ್ತಾನೆ. ಫೆಲಿಕ್ಸ್ ಐಲ್ಮರ್ ಈ ಪಾತ್ರ ಮಾಡಿದ್ದಾರೆ. ಸಿನಿಮಾದಲ್ಲಿ ಎಷ್ಟು ಜನ ಪ್ರಾಣ ಒತ್ತೆಯಿಟ್ಟು ಕತ್ತಿ ಬೀಸುತ್ತಾರೆ! ಅವರೆಲ್ಲರಿಗೂ ಕವಚ ಇದೆ, ಹಿಂದೆ ಬಿಲ್ಲುಗಾರರಿದ್ದಾರೆ. ಈ ಮುದುಕನ ಹತ್ತಿರ ಇರುವುದು ಒಬ್ಬ ಮಗಳು, ಜೊತೆಗೆ ಇನ್ನೊಬ್ಬ ಕೊಟ್ಟ ಬಾಯಿಮಾತು. ಅವಳನ್ನು ಕಾಪಾಡುವುದು ನನ್ನ ಹೊಣೆ ಅನ್ನುತ್ತಾನೆ ಐವನ್‌ಹೋ. ಅನ್ನಲೇಬೇಕಲ್ಲ.

ರೆಬೆಕಾ ಮಾಟಗಾತಿ ಅಂತ ವಿಚಾರಣೆ ಆಗುತ್ತದೆ. ಅವಳ ತಪ್ಪು? ಔಷಧಿ ಕೊಡೋದು ಗೊತ್ತಿರುವುದು, ಯಹೂದಿಯಾಗಿರುವುದು. ಜೀವಂತ ಸುಡಬೇಕು ಅನ್ನುವ ತೀರ್ಪು ಬರುತ್ತದೆ. ಐವನ್‌ಹೋ ಬಂದು ಕಾಳಗದಲ್ಲೇ ನ್ಯಾಯ ತೀರ್ಮಾನ ಆಗಲಿ ಅನ್ನುತ್ತಾನೆ. ಎದುರಾಳಿಯಾಗಿ ಜಾನ್ ಆರಿಸುವುದು ಬ್ವಾ ಗಿಲ್ಬೇರ್‌ನನ್ನು, ಅಂದರೆ ಅವಳಿಗಾಗಿ ಹುಚ್ಚಾದವನನ್ನೇ. ಇಲ್ಲಿ ಬ್ವಾ ಗಿಲ್ಬೇರ್ ಪಾತ್ರ ಮಾಡಿದ ಜಾರ್ಜ್ ಸ್ಯಾಂಡರ್ಸ್ ಸಿನಿಮಾವನ್ನು ತಮ್ಮ ಜೇಬಿಗೆ ಹಾಕಿಕೊಳ್ಳುತ್ತಾರೆ. ನಾಯಕ ರಾಬರ್ಟ್ ಟೇಲರ್ ನೋಡಲು ಚೆಂದ, ಕುದುರೆ ಮೇಲೆ ನೆಟ್ಟಗೆ ಕೂರುತ್ತಾರೆ, ಆದರೆ ಮುಖದಲ್ಲಿ ಏನೂ ಓಡುವುದಿಲ್ಲ. ಸ್ಯಾಂಡರ್ಸ್ ಮುಖದಲ್ಲಿ ಸೊಕ್ಕು, ನಾಚಿಕೆ, ಆಸೆ ಮೂರೂ ಒಟ್ಟಿಗೆ ಕಾಣುತ್ತವೆ. ಕಾಳಗಕ್ಕೆ ಮೊದಲು ಅವನು ರೆಬೆಕಾ ಹತ್ತಿರ ಬರುತ್ತಾನೆ. ನೀನು ಒಪ್ಪಿದರೆ ಈ ಕಾಳಗ ಬಿಟ್ಟುಬಿಡುತ್ತೇನೆ, ಮಾನ ಹೋದರೆ ಹೋಗಲಿ ಅನ್ನುತ್ತಾನೆ. ಅವಳು ಒಪ್ಪುವುದಿಲ್ಲ. ಎದುರಿಗೆ ಸೌದೆ ಒಟ್ಟಿದೆ, ಆದರೂ ಒಪ್ಪುವುದಿಲ್ಲ.

ಆಮೇಲಿನ ಕಾಳಗ ಇವತ್ತಿಗೂ ಮೈ ಜುಮ್ಮೆನಿಸುತ್ತದೆ. ಒಬ್ಬನ ಕೈಯಲ್ಲಿ ಕೊಡಲಿ, ಇನ್ನೊಬ್ಬನ ಕೈಯಲ್ಲಿ ಸರಪಳಿಗೆ ಕಟ್ಟಿದ ಕಬ್ಬಿಣದ ಗುಂಡು. ಕತ್ತಿವರಸೆಯ ನಯ ಇಲ್ಲ. ಗುರಾಣಿಗೆ ಬೀಳುವ ಏಟು ಸೌದೆ ಸೀಳುವ ಏಟಿನ ಹಾಗಿದೆ. ಐವನ್‌ಹೋ ಕೆಳಗೆ ಬೀಳುತ್ತಾನೆ, ಕೊಡಲಿಯಿಂದಲೇ ಎಳೆದು ಅವನನ್ನೂ ಕುದುರೆಯಿಂದ ಕೆಳಗೆ ಹಾಕುತ್ತಾನೆ. ಸಾಯುವಾಗ ಬ್ವಾ ಗಿಲ್ಬೇರ್ ರೆಬೆಕಾಗೆ ಹೇಳುವುದು ಇಷ್ಟೇ: ನಿನ್ನನ್ನು ಪ್ರೀತಿಸಿದವನು ನಾನು, ಐವನ್‌ಹೋ ಅಲ್ಲ. ಅವಳಿಗೂ ಗೊತ್ತು. ವಿಲನ್ ಬಾಯಲ್ಲಿ ನಿಜ ಹೇಳಿಸಿದ ಬರವಣಿಗೆಗೆ ನನ್ನದೊಂದು ಸಲಾಮು. ಹಾಗಂತ ಅವನು ಒಳ್ಳೆಯವನಾಗಿಬಿಟ್ಟ ಅಂತಲ್ಲ. ಅವಳನ್ನು ಎತ್ತಿಕೊಂಡು ಹೋದವನೂ ಅವನೇ, ಅದನ್ನು ಮರೆಯುವ ಹಾಗಿಲ್ಲ.

ಅಷ್ಟರಲ್ಲಿ ರಿಚರ್ಡ್ ಬರುತ್ತಾನೆ. ಎಲ್ಲರೂ ಮಂಡಿಯೂರುತ್ತಾರೆ. ನಾರ್ಮನ್ನರು, ಸ್ಯಾಕ್ಸನ್ನರು ಅಂತಲ್ಲ, ಇಂಗ್ಲಿಷರಾಗಿ ಮೇಲೇಳಿ ಅನ್ನುತ್ತಾನೆ. ಚಪ್ಪಾಳೆ ಬೀಳುವ ಮಾತು. ನಾನು ಈ ಸಲ ಸಿನಿಮಾ ಅಲ್ಲೇ ನಿಲ್ಲಿಸಿ ಲೆಕ್ಕ ಹಾಕಿದೆ. ಎರಡು ಹೆಸರು ಬಂತು. ಒಂದು ಲಕ್ಷ ಕೊಟ್ಟವರ ಹೆಸರು ಎಲ್ಲಿ? ಬಂದವನು ಯಾರು ಅಂತಲೂ ನೆನಪಿರಲಿ. ಈ ‘ಇಂಗ್ಲಿಷ್’ ರಾಜ ಮಾತಾಡುತ್ತಿದ್ದಿದ್ದು ಫ್ರೆಂಚ್. ಹತ್ತು ವರ್ಷದ ಆಳ್ವಿಕೆಯಲ್ಲಿ ಇಂಗ್ಲೆಂಡಿನಲ್ಲಿ ಇದ್ದಿದ್ದು ಸುಮಾರು ಆರು ತಿಂಗಳು. ಮಾತು ಕೊಟ್ಟ ನ್ಯಾಯ ಏನಾಯಿತು? 1290ರಲ್ಲಿ ಒಂದನೇ ಎಡ್ವರ್ಡ್ ಇಂಗ್ಲೆಂಡಿನ ಯಹೂದಿಗಳನ್ನೆಲ್ಲ ದೇಶದಿಂದಲೇ ಹೊರಗೆ ಹಾಕಿದ.

ಸ್ಕಾಟ್‌ಗೆ ಈ ಸಂಕಟ ಗೊತ್ತಿತ್ತು. ಐವನ್‌ಹೋಗೆ ರೆಬೆಕಾಳನ್ನೇ ಯಾಕೆ ಕಟ್ಟಲಿಲ್ಲ ಅಂತ ಓದುಗರು ಕೇಳುತ್ತಿದ್ದರು. ಆ ಕಾಲದಲ್ಲಿ ಅಂಥ ಮದುವೆ ನಡೆಯುವ ಮಾತಲ್ಲ ಅಂತ ಅವನು ಆಮೇಲೆ ಮುನ್ನುಡಿಯಲ್ಲಿ ಸಮಜಾಯಿಷಿ ಬರೆದ. ಕಾದಂಬರಿಯ ಕೊನೆಯಲ್ಲಿ ರೆಬೆಕಾ ರೊವೀನಾಳ ಮನೆಗೆ ಬಂದು, ದೇಶ ಬಿಟ್ಟು ಹೋಗುವ ಮೊದಲು ಒಂದು ಒಡವೆ ಪೆಟ್ಟಿಗೆ ಕೊಟ್ಟು ಹೋಗುತ್ತಾಳೆ. ಗಂಡನಿಗೆ ಕುದುರೆ, ಹೆಂಡತಿಗೆ ವಜ್ರ!

ಇದೆಲ್ಲ ಹೇಳಿದೆ ಅಂತ ಸಿನಿಮಾ ನೋಡಬೇಡಿ ಅಂದುಕೊಳ್ಳಬೇಡಿ. ನೋಡಿ. ಲಂಡನ್ ಹತ್ತಿರದ ಬೋರಮ್‌ವುಡ್ ಸ್ಟುಡಿಯೋದಲ್ಲಿ ಕಂದಕದ ಸಮೇತ ಕೋಟೆ ಕಟ್ಟಿ, ಬಾಣದ ಮಳೆ ಸುರಿಸಿದ್ದಾರೆ. ಕಂಪ್ಯೂಟರ್ ಇಲ್ಲದ ಕಾಲ, ಬೀಳುವವರು ನಿಜವಾಗಿ ಬೀಳುತ್ತಾರೆ. ಮಿಕ್ಲೋಸ್ ರೋಜಾ ಸಂಗೀತಕ್ಕೂ, ಛಾಯಾಗ್ರಹಣಕ್ಕೂ, ಅತ್ಯುತ್ತಮ ಚಿತ್ರಕ್ಕೂ ಆಸ್ಕರ್ ನಾಮನಿರ್ದೇಶನ ಬಂತು. ಪ್ರಶಸ್ತಿ ಒಂದೂ ಬರಲಿಲ್ಲ.

ಟೈಟಲ್ ಕಾರ್ಡನ್ನು ಮಾತ್ರ ನಿಧಾನವಾಗಿ ಓದಿ. ಚಿತ್ರಕಥೆಯ ಜಾಗದಲ್ಲಿ ಒಂದು ಹೆಸರು ಇಲ್ಲ. ಮಾರ್ಗರೀಟ್ ರಾಬರ್ಟ್ಸ್. ಈ ಚಿತ್ರಕಥೆಗೆ ಕೆಲಸ ಮಾಡಿದವರು. 1951ರಲ್ಲಿ ಕಮ್ಯುನಿಸ್ಟರನ್ನು ಹುಡುಕುತ್ತಿದ್ದ ಅಮೆರಿಕದ ಸಂಸತ್ ಸಮಿತಿ ಅವರನ್ನು ಕರೆಸಿತು. ಬೇರೆಯವರ ಹೆಸರು ಹೇಳಲು ಅವರು ಒಪ್ಪಲಿಲ್ಲ. ಕೆಲಸ ಹೋಯಿತು, ಸಿನಿಮಾದಿಂದ ಹೆಸರೂ ಹೋಯಿತು. ಅದೇ ಸಮಿತಿಯ ಮುಂದೆ 1947ರಲ್ಲೇ ಹೋಗಿ ಸಹೋದ್ಯೋಗಿಗಳ ಹೆಸರು ಹೇಳಿ ಬಂದಿದ್ದ ಒಬ್ಬರ ಹೆಸರು ಮಾತ್ರ ಪರದೆಯ ಮೇಲೆ ದೊಡ್ಡದಾಗಿ ಬರುತ್ತದೆ. ಧೀರ ನೈಟ್ ಐವನ್‌ಹೋ, ರಾಬರ್ಟ್ ಟೇಲರ್.

ರಾಬರ್ಟ್ಸ್‌ಗೆ ಸುಮಾರು ಹತ್ತು ವರ್ಷ ಹಾಲಿವುಡ್ಡಿನಲ್ಲಿ ಕೆಲಸ ಇರಲಿಲ್ಲ. ಆಮೇಲೆ ವಾಪಸ್ ಬಂದು 1969ರಲ್ಲಿ ‘ಟ್ರೂ ಗ್ರಿಟ್’ಗೆ ಚಿತ್ರಕಥೆ ಬರೆದರು. ಕಥೆ ಅವರದಲ್ಲ, ಚಾರ್ಲ್ಸ್ ಪೋರ್ಟಿಸ್ ಕಾದಂಬರಿಯದು. ಆದರೂ ನನಗೆ ಒಮ್ಮೆ ನಗು ಬಂತು. ಅಪ್ಪನನ್ನು ಕಳೆದುಕೊಂಡ 14 ವರ್ಷದ ಹುಡುಗಿ. ಕುದುರೆ ವ್ಯಾಪಾರಿಯ ಮುಂದೆ ಕೂತು ಕಾಸು ಕಾಸಿಗೂ ಚೌಕಾಸಿ ಮಾಡುತ್ತಾಳೆ. ಆ ದುಡ್ಡಲ್ಲಿ ತನಗಾಗಿ ಹೋರಾಡಲು ಒಬ್ಬನನ್ನು ಗೊತ್ತು ಮಾಡಿಕೊಳ್ಳುತ್ತಾಳೆ. ಆದರೆ ಈ ಸಲ ದುಡ್ಡು ಕೊಟ್ಟು ಪಕ್ಕಕ್ಕೆ ಸರಿಯುವುದಿಲ್ಲ. ತಾನೂ ಒಂದು ಕುದುರೆ ಹತ್ತಿ ಅವನ ಹಿಂದೆಯೇ ಹೊರಡುತ್ತಾಳೆ.